ಲೈನ್ ಕಟ್ ಆಗಿಲ್ಲ, ಬಿಸೆರಾ ಮಾತಾಡ್ತಿದ್ದಾಳೆ

ಪ್ಲೆವೆನ್ ನಗರದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ರೈಲು ನಿಲ್ದಾಣದ ಕಡೆಯಿಂದ ಹೊರಟ ಮೊದಲ ಟ್ರಾಲಿಬಸ್ಸು ತಂತಿಯಲ್ಲಿ ಕಿಡಿ ಹಾರಿಸುತ್ತ ಏರು ಹತ್ತುತ್ತಿದೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ದೀಪ ಹೊತ್ತಿಕೊಂಡಿದೆ. ಅದರ ಕೆಳಗೆ ಬಿಸೆರಾ ದಿಮೋವಾ ಹೆಡ್‌ಫೋನ್ ಏರಿಸಿಕೊಂಡು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಕೂತಿದ್ದಾಳೆ. ಫೋನ್ ರಿಂಗಾಗುತ್ತದೆ. ಆಕೆ ಗುಂಡಿ ಒತ್ತುತ್ತಾಳೆ, ಬಾಯಿ ತೆರೆಯುತ್ತಾಳೆ. ಏನೂ ಬರುವುದಿಲ್ಲ.

"ಹಲೋ? ಹಲೋ? ಯಾರಾದ್ರೂ ಇದೀರಾ?" ಆ ಕಡೆಯಿಂದ ಯಾವುದೋ ಚಿಕಿತ್ಸಾಲಯದ ಗುಮಾಸ್ತೆಯ ಧ್ವನಿ.

ಬಿಸೆರಾ ಉಗುರಿನಿಂದ ಮೈಕಿನ ಮೇಲೆ ಮೆಲ್ಲಗೆ ತಟ್ಟುತ್ತಾಳೆ. ಕತ್ತಿನ ನರ ಬಿಗಿದಿರುವುದು ಪಕ್ಕದಲ್ಲಿ ಕೂತ ನನಗೆ ಕಾಣುತ್ತದೆ. ಆಮೇಲೆ ಮಾತು ಬರುತ್ತದೆ. "ಲೈನ್ ಕಟ್ ಆಗಿಲ್ಲ. ನನಗೆ ಉಗ್ಗು ಇದೆ. ಸ್ವಲ್ಪ ತಡೀರಿ, ಹೇಳ್ತೀನಿ."

"ಸರಿ, ತಡೀತೀನಿ," ಎನ್ನುತ್ತಾಳೆ ಗುಮಾಸ್ತೆ. "ಪ್ರಿಂಟರ್ ಹಾಳಾಗಿದೆ. ಅದಕ್ಕೇನು ಅವಸರ."

ಆಸ್ಪತ್ರೆ, ಚಿಕಿತ್ಸಾಲಯ, ಔಷಧಿ ಅಂಗಡಿಗಳ ಕಂಪ್ಯೂಟರ್ ಕೆಟ್ಟಾಗ ಫೋನಿನಲ್ಲೇ ದಾರಿ ಹೇಳಿ ಸರಿಪಡಿಸಿಕೊಡುವ ಸಣ್ಣ ಕಂಪನಿ ಇದು. ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ. ಬೆಳಗಿನ ಪಾಳಿಯಲ್ಲಿ ಫೋನೆತ್ತುವವಳು ಇಪ್ಪತ್ತೈದರ ಬಿಸೆರಾ. ಈ ಕುರ್ಚಿಯಲ್ಲಿ ಆಕೆ ಕೂರಬಾರದೆಂದು ಕಂಪನಿಯೇ ಒಂದು ಕಾಲಕ್ಕೆ ಹೇಳಿತ್ತು. ಆ ಮಾತನ್ನು ಮೀರಿದ ಒಂದು ಬೆಳಗಿನ ಕಥೆ ಹುಡುಕಿಕೊಂಡು ನಾನಿಲ್ಲಿಗೆ ಬಂದೆ.

ಬಿಸೆರಾಳ ಉಗ್ಗು ನಾವು ಸಾಮಾನ್ಯವಾಗಿ ಅಂದುಕೊಳ್ಳುವಂಥದ್ದಲ್ಲ. ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು ಕಡಿಮೆ. ಶಬ್ದ ಗಂಟಲಲ್ಲೇ ಸಿಕ್ಕಿಕೊಂಡು ಬಿಡುತ್ತದೆ, ಪೂರಾ ಮೌನ. ಅದರಲ್ಲೂ ಬ ಮತ್ತು ಪ ಎಂದರೆ ಬೀಗ ಹಾಕಿದ ಬಾಗಿಲು. ಆಕೆಯ ಹೆಸರೇ ಬ ಎಂದು ಶುರುವಾಗುತ್ತದೆ. ತಾಯಿ ದೋನ್ಕಾ ಮಾರುಕಟ್ಟೆಯ ಮೂಲೆಯ ಗೂಡಂಗಡಿಯಲ್ಲಿ ಮಾರುವ, ಪದರ ಹಿಟ್ಟಿನಲ್ಲಿ ಚೀಸ್ ತುಂಬಿದ ಬಾನಿತ್ಸಾ, ಅದರ ಜೊತೆ ಎಲ್ಲರೂ ಕುಡಿಯುವ ಸಿಹಿ ಗಂಜಿಯಂಥ ಬೋಜಾ, ಎರಡೂ ಬ.

"ಬೇರೆ ಮಾತು ಹುಡುಕ್ಕೊಳ್ಳೋದು ಚಿಕ್ಕಂದಿನಿಂದ ಕಲ್ತಿದ್ದೆ," ಎನ್ನುತ್ತಾಳೆ ಬಿಸೆರಾ. "ಕ್ಯಾಂಟೀನಲ್ಲಿ ಬೋಜಾ ಬೇಕು ಅನ್ಸಿದ್ರೆ ಆಯ್ರಾನ್ ಕೇಳ್ತಿದ್ದೆ. ಆ ಹುಳಿ ಮಜ್ಜಿಗೆ ಅಂದ್ರೆ ನನಗೆ ಆಗಲ್ಲ. ಆದ್ರೂ ಸ್ಕೂಲು ಮುಗಿಯೋವರೆಗೂ ಅದನ್ನೇ ಕುಡಿದೆ. ಮೇಷ್ಟ್ರು ಉತ್ತರ ಕೇಳಿದ್ರೆ, ಗೊತ್ತಿದ್ರೂ ಗೊತ್ತಿಲ್ಲ ಅಂತಿದ್ದೆ. 'ಗೊತ್ತಿಲ್ಲ' ಅನ್ನೋದು ಸಲೀಸಾಗಿ ಬರ್ತಿತ್ತು."

ಪಾಲಿಟೆಕ್ನಿಕ್‌ನಲ್ಲಿ ನೆಟ್‌ವರ್ಕ್ ಓದಿ ಒಳ್ಳೆಯ ಅಂಕ ತೆಗೆದಳು. ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಮೊದಲು ಬರುತ್ತಿದ್ದದ್ದು ಒಂದು ಫೋನ್ ಕರೆ. ಆ ಕಡೆಯವರು "ಬಿಸೆರಾ ದಿಮೋವಾ ಅವರಾ?" ಎಂದು ಕೇಳುತ್ತಿದ್ದರು. ಈಕೆ ಹೌದೆನ್ನುವಷ್ಟರಲ್ಲಿ ಸಿಗ್ನಲ್ ಇಲ್ಲವೆಂದುಕೊಂಡು ಇಡುತ್ತಿದ್ದರು. ಮತ್ತೆ ಮಾಡುತ್ತಿರಲಿಲ್ಲ. ಎರಡು ವರ್ಷ ತಾಯಿಯ ಗೂಡಂಗಡಿಯ ಹಿಂದೆ ಹಿಟ್ಟು ಲಟ್ಟಿಸುತ್ತ ಕಳೆದಳು. ಮುಂದಿನ ಕಿಟಕಿಗೆ ಒಮ್ಮೆಯೂ ಬರಲಿಲ್ಲ. "ಯಾರಾದ್ರೂ ಅವಳನ್ನ ಏನಾದ್ರೂ ಕೇಳಿದ್ರೆ ನಾನೇ ಉತ್ತರ ಹೇಳ್ಬಿಡ್ತಿದ್ದೆ," ಎನ್ನುತ್ತಾರೆ ದೋನ್ಕಾ, ಬಿಸಿ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ. "ಅವಳು ಕಷ್ಟಪಡೋದು ನೋಡೋಕಾಗ್ತಿರ್ಲಿಲ್ಲ. ನನಗೆ ಅವಸರ ಜಾಸ್ತಿ."

ಈ ಕಂಪನಿಯ ಇಂಟರ್ನ್‌ಶಿಪ್ಪಿಗೆ ಮಾತ್ರ ಬರೆಯುವ ಪರೀಕ್ಷೆ ಇತ್ತು. ಉತ್ತರ ನೋಡಿದವರು ಸ್ಟಾಮೆನ್ ಗಾನೇವ್, ತಂತಿ, ಫೋನು, ಕಂಪ್ಯೂಟರು ಎಂದು ಜೀವನವಿಡೀ ರಿಪೇರಿಯಲ್ಲೇ ಕಳೆದ ಹಿರಿಯ. ಎಲ್ಲರಿಗೂ ಅವರು ಬಾಯ್ ಸ್ಟಾಮೆನ್, ಅಂದರೆ ಸ್ಟಾಮೆನಣ್ಣ. "ಕಾಗದ ಚೆನ್ನಾಗಿತ್ತು, ಕರೆಸ್ದೆ," ಎನ್ನುತ್ತಾರೆ. "ಬಂದ್ಳು, ನಿಂತ್ಳು, ಮಾತೇ ಇಲ್ಲ. ನಾನೂ ಸುಮ್ನೆ ಕೂತೆ. ನನ್ನ ಹೆಂಡ್ತಿ ಜೊತೆ ಮೂವತ್ತು ವರ್ಷದಿಂದ ಹೀಗೇ ಕೂತಿದೀನಿ, ನನಗೇನು ಹೊಸದು?"

ಇಂಟರ್ನ್‌ಗಳು ಇಬ್ಬರು. ಇನ್ನೊಬ್ಬ ರದೋಸ್ವೆತ್, ಚೆರ್ವೆನ್ ಬ್ರಿಯಾಗ್‌ನಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಮಾತುಗಾರ. ಸಿಟ್ಟಿನಲ್ಲಿ ಫೋನ್ ಮಾಡಿದವರನ್ನು ನಗಿಸಿ ಕಳಿಸುತ್ತಿದ್ದ. ಅರ್ಧ ವರ್ಷದ ಕೊನೆಗೆ ಖಾಯಂ ಹುದ್ದೆ ಒಂದೇ ಎಂದು ಮೊದಲ ದಿನವೇ ಇಬ್ಬರಿಗೂ ಹೇಳಿದ್ದರು. "ನೀನು ಯೋಚ್ನೆ ಮಾಡ್ತಿರು, ನಾನು ಮಾತಾಡ್ತಿರ್ತೀನಿ," ಎಂದು ಅವನು ರೇಗಿಸುತ್ತಿದ್ದ. "ನಾವಿಬ್ರೂ ಸೇರಿದ್ರೆ ಒಬ್ಬ ಒಳ್ಳೇ ಟೆಕ್ನಿಷಿಯನ್." ಬಿಸೆರಾಳಿಗೆ ಬೇಸರವಾಗುತ್ತಿರಲಿಲ್ಲ. ಅವನು ಹೇಳುತ್ತಿದ್ದದ್ದು ನಿಜವೆಂದೇ ಅನ್ನಿಸುತ್ತಿತ್ತು.

ಕೆಲವೇ ದಿನಗಳಲ್ಲಿ ದೂರು ಬಂತು. ನಿಮ್ಮ ಫೋನ್ ಲೈನು ಕೆಟ್ಟಿದೆ, ನಡುವೆ ನಡುವೆ ಸತ್ತೇ ಹೋಗುತ್ತದೆ ಎಂದು ಔಷಧಿ ಅಂಗಡಿಯೊಂದು ಬರೆದಿತ್ತು. ಲೈನಿಗೆ ಏನೂ ಆಗಿರಲಿಲ್ಲ. ಕಂಪನಿಯ ಮೇಲ್ವಿಚಾರಕಿ ವಲ್ಚೆವಾ ಬಿಸೆರಾಳನ್ನು ಒಳಗೆ ಕರೆದರು. "ನಿನಗೆ ನೋವು ಮಾಡೋಕೆ ಹೇಳ್ತಿಲ್ಲ ಹುಡುಗಿ. ಇನ್ಮೇಲೆ ನೀನು ಚಾಟ್ ಮಾತ್ರ ನೋಡ್ಕೋ. ಬರೆಯೋದ್ರಲ್ಲಿ ನಿನ್ನಷ್ಟು ಚೆನ್ನಾಗಿ ಇಲ್ಲಿ ಯಾರೂ ಇಲ್ಲ. ಫೋನ್ ಮುಟ್ಟಬೇಡ."

ಬಿಸೆರಾ ಇಲ್ಲಿಯವರ ರೀತಿಯಲ್ಲೇ ಹೌದೆಂದು ತಲೆಯನ್ನು ಅಡ್ಡಡ್ಡ ಆಡಿಸಿದಳು. "ಸಮಾಧಾನ ಆಯ್ತು ನಂಗೆ," ಎನ್ನುತ್ತಾಳೆ. "ಅದನ್ನ ಈಗ ಹೇಳೋಕೆ ನಾಚ್ಕೆ ಆಗುತ್ತೆ. ಆದ್ರೆ ಆವತ್ತು ನಿಜವಾಗ್ಲೂ ಸಮಾಧಾನ ಆಯ್ತು."

ಕಂಪ್ಯೂಟರ್ ಲೋಕದಲ್ಲಿ ಟೆಕ್ ಸಪೋರ್ಟ್ ಎಂದರೆ ಮನೆಯ ಹೊಸ್ತಿಲು. ಎಲ್ಲರೂ ಅದನ್ನು ದಾಟಿಕೊಂಡೇ ಒಳಗೆ ಹೋಗುತ್ತಾರೆ, ಯಾರೂ ಅಲ್ಲಿ ಕೂರಲು ಬಯಸುವುದಿಲ್ಲ. ಇನ್ನೊಬ್ಬರ ಸಿಟ್ಟು ಕೇಳುವುದು, ಪ್ಲಗ್ ಹಾಕಿದೆಯಾ ನೋಡಿ ಎನ್ನುವುದು, ಬೈಸಿಕೊಳ್ಳುವುದು. ಇಂಟರ್ನ್‌ಗೆ ಸಿಗುವುದು ಆ ಹೊಸ್ತಿಲಿನಲ್ಲೂ ಒಂದು ಅಂಚು. ಬಿಸೆರಾಳಿಗೆ ಆ ಅಂಚೂ ಅಲುಗಾಡುತ್ತಿತ್ತು.

ಫೆಬ್ರವರಿಯ ಒಂದು ಸೋಮವಾರ. ಇಂಟರ್ನ್‌ಶಿಪ್ಪಿನ ಕೊನೆಯ ವಾರ. ಹಿಂದಿನ ದಿನ ಶುರುವಾದ ಹಿಮ ನಿಂತಿರಲಿಲ್ಲ. ನಡೆದು ಬರುವಷ್ಟು ಹತ್ತಿರದಲ್ಲಿ ಮನೆ ಇದ್ದದ್ದು ಬಿಸೆರಾಳೊಬ್ಬಳಿಗೇ. ಆಕೆ ಕಚೇರಿಯ ಬೀಗ ತೆಗೆಯುವ ಹೊತ್ತಿಗೆ ಬಾಯ್ ಸ್ಟಾಮೆನ್ ಆಕೆಯ ಮೊಬೈಲಿಗೆ ಸಂದೇಶ ಹಾಕಿದ್ದರು: ಲೋವೆಚ್ ರಸ್ತೆಯಲ್ಲಿ ಲಾರಿ ಅಡ್ಡ ಬಿದ್ದಿದೆ, ತಡವಾಗುತ್ತೆ. ರದೋಸ್ವೆತ್‌ನ ರೈಲು ಹೊರಟೇ ಇರಲಿಲ್ಲ. ಆಕೆ ಚಾಟ್ ತೆರೆದು ಕೂತಳು. ಯಾರೂ ಬರೆಯಲಿಲ್ಲ.

ಫೋನ್ ರಿಂಗಾಯಿತು. ತೆರೆಯ ಮೇಲೆ ಬಂದ ಹೆಸರು, ಡ್ಯಾನ್ಯೂಬ್ ಕಡೆಯ ಪುಟ್ಟ ಊರೊಂದರ ಡಯಾಲಿಸಿಸ್ ಕೇಂದ್ರದ್ದು. ಬಿಸೆರಾ ಮುಟ್ಟಲಿಲ್ಲ. ರಿಂಗಾಗಿ ನಿಂತಿತು. ಮತ್ತೆ ಶುರುವಾಯಿತು. ಬಾಯ್ ಸ್ಟಾಮೆನ್‌ಗೆ ಬರೆದಳು, ವಲ್ಚೆವಾಗೆ ಬರೆದಳು. ಇಬ್ಬರಿಂದಲೂ ಉತ್ತರವಿಲ್ಲ. ಕೇಂದ್ರಕ್ಕೆ ಚಾಟ್‌ನಲ್ಲಿ ಬರೆಯಲು ನೋಡಿದರೆ, ಅಲ್ಲಿನ ಕಂಪ್ಯೂಟರುಗಳೆಲ್ಲ ಸಂಪರ್ಕದಲ್ಲೇ ಇರಲಿಲ್ಲ.

ಅದು ಸೋಮವಾರ ಎಂಬುದು ಆಗ ಹೊಳೆಯಿತು. ಶುಕ್ರವಾರ ರಕ್ತ ಶುದ್ಧಿ ಮಾಡಿಸಿಕೊಂಡು ಹೋದವರು, ಶನಿವಾರ ಭಾನುವಾರ ಮೈಯಲ್ಲಿ ನೀರು ತುಂಬಿಸಿಕೊಂಡು, ಉಬ್ಬಿದ ಕಾಲೆಳೆಯುತ್ತ ಬರುವ ದಿನ. ಅವರಿಗೆ ತಡ ಮಾಡುವಂತಿಲ್ಲ.

ಬಿಸೆರಾ ಗುಂಡಿ ಒತ್ತಿದಳು.

"ಹಲೋ, ನಾನು ಜೆಚ್ಕಾ, ಡಯಾಲಿಸಿಸ್‌ನ ಹೆಡ್ ನರ್ಸು. ಕಂಪ್ಯೂಟರ್ ಒಂದೂ ಓಪನ್ ಆಗ್ತಿಲ್ಲ. ಹಲೋ? ಕೇಳಿಸ್ತಿದ್ಯಾ?" ಬಿಸೆರಾಳ ಬಾಯಿ ತೆರೆದೇ ಇತ್ತು. "ಹಾಳಾದ್ ಲೈನು," ಎಂದು ಆ ಕಡೆ ಇಟ್ಟರು. ಮತ್ತೆ ರಿಂಗಾಯಿತು. ಮತ್ತೆ ಎತ್ತಿದಳು. "ಹಲೋ? ಅಯ್ಯೋ, ಮತ್ತೆ ಹೋಯ್ತು ನೋಡು." ಮತ್ತೆ ಇಟ್ಟರು.

"ಬದುಕಿನಲ್ಲಿ ಎಲ್ಲಾ ಕರೆನೂ ಹಿಂಗೇ ಹೋಗಿತ್ತು," ಎನ್ನುತ್ತಾಳೆ ಬಿಸೆರಾ. "ಆದ್ರೆ ಆವಾಗೆಲ್ಲ ನಷ್ಟ ನನಗೊಬ್ಬಳಿಗೆ. ಈಗ ಹಿಂದುಗಡೆ ಯಾರೋ ಕೆಮ್ಮೋದು ಕೇಳಿಸ್ತಿತ್ತು."

ಮೂರನೇ ಸಲ ಎತ್ತಿದ ಕೂಡಲೇ ಬೆರಳಿನ ಗೆಣ್ಣಿನಿಂದ ಮೈಕಿನ ಮೇಲೆ ತಟ್ಟಿದಳು. ಟಕ್ ಟಕ್ ಟಕ್. ಆ ಕಡೆಯಿಂದ ಜೆಚ್ಕಾ ಕೇಳಿದರು. "ಯಾರು ತಟ್ತಿರೋದು? ಇದೀರಾ ಅಲ್ಲಿ?"

ಟಕ್. ಆಮೇಲೆ ಮಾತು ಒಡೆದುಕೊಂಡು ಬಂತು. "ಲೈನ್ ಕಟ್ ಆಗಿಲ್ಲ. ನನಗೆ ಉಗ್ಗು ಇದೆ. ಇಡಬೇಡಿ."

"ಓ," ಎಂದರು ಜೆಚ್ಕಾ. "ಇಡಲ್ಲಮ್ಮ. ಆದ್ರೆ ಬೇಗ ಹೇಳು. ಡಾಕ್ಟ್ರು ಹಿಮದಲ್ಲಿ ಸಿಕ್ಕಾಕೊಂಡಿದ್ದಾರೆ. ಯಾರಿಗೆ ಎಷ್ಟು ನೀರು ತೆಗೀಬೇಕು, ಎಷ್ಟು ಔಷಧಿ ಅಂತ ಸ್ಕ್ರೀನ್ ನೋಡ್ದೆ ಸೂಜಿ ಚುಚ್ಚಬೇಡಿ ಅಂದಿದ್ದಾರೆ. ಜನ ಎಲ್ಲಾ ಬಂದ್ಬಿಟ್ಟಿದಾರೆ. ಒಂದು ಅಜ್ಜಿಗೆ ಆಗ್ಲೇ ಉಸಿರು ಕಟ್ತಿದೆ."

ಹೇಳಬೇಕಾದ ಪ್ರತಿ ವಾಕ್ಯವನ್ನೂ ಬಿಸೆರಾ ಮೊದಲು ತಲೆಯಲ್ಲಿ ಕಟ್ಟಿ, ಚಿಕ್ಕದು ಮಾಡಿ, ಆಮೇಲೆ ಬಿಡುತ್ತಿದ್ದಳು. ಗೋಡೆಯ ಕಪಾಟು ತೆಗೀರಿ. ತಂತಿಗಳೆಲ್ಲ ಸೇರುವ ಕರಿ ಡಬ್ಬಿ ನೋಡಿ. ದೀಪ ಉರೀತಿದ್ಯಾ? ಉರಿಯುತ್ತಿರಲಿಲ್ಲ. ಅದೇ ಸಾಕೆಟ್ಟಿಗೆ ನಿಮ್ಮ ಫೋನಿನ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗುತ್ತಿತ್ತು. ಅಲ್ಲಿಗೆ ಕರೆಂಟು ಸರಿ, ಡಬ್ಬಿಗೆ ಕರೆಂಟು ಕೊಡುವ ಅಡಾಪ್ಟರ್ ಸತ್ತಿತ್ತು. ಹೊಸದು ಬರುವುದಾದರೆ ಪ್ಲೆವೆನ್‌ನಿಂದ ಬರಬೇಕು, ರಸ್ತೆ ಮುಚ್ಚಿದೆ.

ಅಲ್ಲಿ ಬೇರೆ ಅಡಾಪ್ಟರ್ ಏನಾದರೂ ಇದೆಯೇ ಎಂದು ಕೇಳಿದಳು. ಕಾಯುವ ಕೋಣೆಯ ಟಿವಿಗೂ ಅದರ ಸ್ಪೀಕರಿಗೂ ಒಂದೊಂದು ಇತ್ತು. ಆಯಾ ಹೋಗಿ ಎರಡನ್ನೂ ಕಿತ್ತು ತಂದಳು. ಬೆಳಗಿನ ಕಾರ್ಯಕ್ರಮ ನೋಡುತ್ತಿದ್ದವರು ಗೊಣಗುವುದು ಫೋನಿನಲ್ಲೇ ಕೇಳಿಸಿತು. "ಹವಾಮಾನ ಹೇಳ್ತಿದ್ರು ಕಣಮ್ಮ," ಎಂದರು ಒಬ್ಬ ಅಜ್ಜ. "ಕಿಟಕಿ ಹೊರಗೆ ನೋಡು ಬಾಯ್ ಲಿಲ್ಕೊ, ಅದೇ ಹವಾಮಾನ," ಎಂದರು ಜೆಚ್ಕಾ. "ಸ್ವಲ್ಪ ನಿನ್ನ ಕನ್ನಡಕ ಕೊಡು ಇಲ್ಲಿ."

ಅಜ್ಜನ ಕನ್ನಡಕ ಹಾಕಿಕೊಂಡು ಜೆಚ್ಕಾ ಎರಡೂ ಅಡಾಪ್ಟರಿನ ಮೇಲಿನ ಸಣ್ಣಕ್ಷರ ಓದಿದರು. ವೋಲ್ಟು ಎರಡರದ್ದೂ ಸರಿಯಾಗಿಯೇ ಇತ್ತು. ಪಿನ್ನೂ ಒಂದೇ ಅಳತೆ. ಕಷ್ಟ ಬಂದದ್ದು ಅಲ್ಲೇ. "ಎರಡೂ ಒಂದೇ ಥರ ಕರ್ರಗಿವೆ. ಯಾವುದು ಟಿವಿದು, ಯಾವುದು ಸ್ಪೀಕರ್‌ದು ಅಂತ ಆಯಾಗೆ ನೆನಪಿಲ್ವಂತೆ. ಇಲ್ಲೊಂದು ಚುಕ್ಕೆ ಚಿತ್ರ ಇದೆ. ಒಂದರಲ್ಲಿ ಚುಕ್ಕೆಯಿಂದ ಗೆರೆ ಪ್ಲಸ್‌ಗೆ ಹೋಗಿದೆ, ಇನ್ನೊಂದರಲ್ಲಿ ಮೈನಸ್‌ಗೆ. ಯಾವುದು ಚುಚ್ಲಿ?"

ಆ ಚುಕ್ಕೆ ಎಂದರೆ ನಡುವಿನ ಪಿನ್ನು, ಅದು ಪ್ಲಸ್ ಇರಬೇಕು. ಉಲ್ಟಾ ಹಾಕಿದರೆ ಡಬ್ಬಿ ಸುಡುತ್ತದೆ, ಆಮೇಲೆ ಇಡೀ ದಿನ ಏನೂ ಮಾಡಲಾಗುವುದಿಲ್ಲ. ಬಾಯ್ ಸ್ಟಾಮೆನ್ ಮೊದಲ ವಾರವೇ ಹೇಳಿಕೊಟ್ಟ ಪಾಠ ಅದು, ಬಿಸೆರಾಳಿಗೆ ಅನುಮಾನವೇ ಇರಲಿಲ್ಲ. ಹೇಳಬೇಕಾದದ್ದು ಒಂದೇ ಪದ. ಅದು ಪ ಎಂದು ಶುರುವಾಗುತ್ತಿತ್ತು.

ತುಟಿ ಅಂಟಿಕೊಂಡವು.

ರೂಢಿಯಂತೆ ಬೇರೆ ದಾರಿ ತಲೆಗೆ ಬಂತು. 'ಮೈನಸ್ ಅಲ್ಲದ್ದು' ಎಂದುಬಿಡಬಹುದು. ಅದು ಸಲೀಸಾಗಿ ಬರುತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕಡೆ ಗದ್ದಲ. ಯಾರೋ ಕೆಮ್ಮುತ್ತಿದ್ದರು, ಯಾರೋ ಗಾಲಿಕುರ್ಚಿ ಎಳೆಯುತ್ತಿದ್ದರು. 'ಮೈನಸ್' ಎಂಬುದಷ್ಟೇ ಕೇಳಿಸಿ, 'ಅಲ್ಲದ್ದು' ಗದ್ದಲದಲ್ಲಿ ಹೋದರೆ?

"ಮೈನಸ್ಸಾ?" ಎಂದರು ಜೆಚ್ಕಾ. "ಮಾತಾಡಮ್ಮ. ಮೈನಸ್ ಇರೋದು ಹಾಕ್ಲಾ?"

ಬಿಸೆರಾಳ ಕೈ ಮೈಕಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ತಟ್ಟಿದರೆ ಹೌದೆಂದು ತಿಳಿದುಕೊಳ್ಳುತ್ತಾರೆ. ಕೈ ಇಳಿಸಿದಳು. "ನಿಲ್ಲಿ," ಎಂದಳು. ಅಷ್ಟು ಬಂತು.

ಜೆಚ್ಕಾ ನಿಂತರು. ಅವರು ನನಗೆ ಆಮೇಲೆ ಹೇಳಿದ್ದು: "ಅಡಾಪ್ಟರ್ ಪಿನ್ನು ಡಬ್ಬಿ ತೂತಿನ ಹತ್ರಾನೇ ಇತ್ತು ನನ್ನ ಕೈಲಿ. ಎಷ್ಟು ಹೊತ್ತು ನಿಂತಿದ್ನೋ. ಹಿಂದಿನಿಂದ ಆ ಅಜ್ಜಿ ಉಸಿರಾಡೋ ಸದ್ದು. ಸಿಟ್ಟು ಬಂದಿತ್ತು ನಂಗೆ, ಸುಳ್ಳು ಯಾಕೆ ಹೇಳ್ಲಿ. ಇಂಥವಳನ್ನ ಫೋನಿಗೆ ಯಾಕೆ ಕೂರಿಸ್ತಾರೆ ಅಂತ. ಆದ್ರೆ ಅವಳು ಪಕ್ಕಕ್ಕೆ ಹೋಗ್ಲಿಲ್ಲ, ಅಲ್ಲೇ ಇದಾಳೆ ಅನ್ನೋದು ಗೊತ್ತಾಗ್ತಿತ್ತು. ಅವಳು ಉಸಿರು ಎಳ್ಕೊಳೋದು ಕೇಳಿಸ್ತಿತ್ತು."

"ಪ್ಲಸ್," ಎಂದಳು ಬಿಸೆರಾ.

"ಪ್ಲಸ್ಸಾ?"

"ಪ್ಲಸ್." ಎರಡನೆಯದು ತಡೆಯಿಲ್ಲದೆ ಬಂತು.

ಚುಚ್ಚಿದ ಸದ್ದು. ಬಿಸೆರಾ ಕಣ್ಣು ಮುಚ್ಚಿಕೊಂಡಿದ್ದಳು. "ಹಸಿರು ಬಂತು," ಎಂದರು ಜೆಚ್ಕಾ ಸಣ್ಣ ದನಿಯಲ್ಲಿ. "ಒಂದು, ಇನ್ನೊಂದು. ಸಾಲಾಗಿ ಬರ್ತಿವೆ." ಅವರು ಫೋನನ್ನು ಕಪಾಟಿನ ಮೇಲೆ ಇಟ್ಟೇ ಓಡಿದರು. ಈ ಕಡೆ ಬಿಸೆರಾ ಕರೆ ಮುಗಿಸದೆ ಕೇಳುತ್ತ ಕೂತಳು. ಯಾರದೋ ತೂಕ ಕೂಗಿ ಹೇಳುತ್ತಿದ್ದರು. ಯಂತ್ರವೊಂದು ಕುಂಯ್ ಎಂದು ಶುರುವಾಯಿತು. ಮೊದಲು ಆ ಅಜ್ಜಿಯನ್ನು ಕೂರಿಸಿ ಎಂದು ಜೆಚ್ಕಾ ಯಾರಿಗೋ ಗದರುತ್ತಿದ್ದರು.

ಬಾಯ್ ಸ್ಟಾಮೆನ್ ಹೆಗಲ ಮೇಲೆ ಹಿಮ ಹೊತ್ತುಕೊಂಡು ಒಳಗೆ ಬಂದಾಗ ಆಕೆ ಇನ್ನೂ ಹಾಗೇ ಕೂತಿದ್ದಳು. "ಏನ್ ಹುಡುಗಿ, ಯಾರಾದ್ರೂ ಬರೆದ್ರಾ?" ಎಂದು ಕೇಳಿದರು. "ಇಲ್ಲ, ಫೋನ್ ಮಾಡಿದ್ರು," ಎಂದಳು ಬಿಸೆರಾ.

ಕಂಪನಿಯ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಮಧ್ಯಾಹ್ನ ವಲ್ಚೆವಾ ಅದನ್ನು ಪೂರ್ತಿ ಕೇಳಿ, ಬಿಸೆರಾಳನ್ನು ಒಳಗೆ ಕರೆದರು. ಬಾಯ್ ಸ್ಟಾಮೆನ್ ಕರೆಯದಿದ್ದರೂ ಹಿಂದೆ ಹೋಗಿ ಬಾಗಿಲಿಗೆ ಒರಗಿ ನಿಂತರು.

"ಫೋನ್ ಎತ್ತಿದ್ದು ಸರಿ," ಎಂದರು ವಲ್ಚೆವಾ. "ಎತ್ತಬೇಡ ಅಂತ ನಾನು ಹೇಳಿದ್ದೇ ತಪ್ಪು. ಆದ್ರೆ ರೋಗಿಗಳಿರೋ ಜಾಗದಲ್ಲಿ ಟಿವಿದೋ ಏನೋ ಅಡಾಪ್ಟರ್ ಹಾಕಿಸ್ದೆಯಲ್ಲ. ಅದು ಬಿಸಿಯಾಗಿ ಹೊಗೆ ಎದ್ದಿದ್ರೆ ಏನ್ ಮಾಡ್ತಿದ್ದೆ?"

ಬಾಯ್ ಸ್ಟಾಮೆನ್ ಬಾಯಿ ಹಾಕಿದರು. "ನಾನಿದ್ರೂ ಅದನ್ನೇ ಹಾಕಿಸ್ತಿದ್ದೆ."

"ಆಗ ನಿಮ್ಮನ್ನೂ ಬಯ್ತಿದ್ದೆ," ಎಂದರು ವಲ್ಚೆವಾ.

"ಆ ಬೈಗುಳ ನ್ಯಾಯವಾದದ್ದು," ಎನ್ನುತ್ತಾಳೆ ಬಿಸೆರಾ. "ಕೇಂದ್ರದವರಿಗೆ ಅಪಾಯ ಏನು ಅಂತ ಹೇಳಿ, ಒಪ್ಪಿಗೆ ತಗೋಬೇಕಿತ್ತು. ನಾನು ಮಾತು ಉಳಿಸೋ ಗಡಿಬಿಡೀಲಿ ಅದನ್ನೇ ಬಿಟ್ಟೆ. ಈಗ ಹೇಳ್ತೀನಿ, ಎಷ್ಟೇ ಹೊತ್ತಾದ್ರೂ."

ಆ ವಾರದ ಕೊನೆಗೆ ಹುದ್ದೆ ಸಿಕ್ಕಿದ್ದು ರದೋಸ್ವೆತ್‌ಗೆ. ಸರಿಪಡಿಸಿಕೊಟ್ಟ ಕರೆಗಳ ಲೆಕ್ಕದಲ್ಲಿ ಅವನೇ ಮುಂದಿದ್ದ, ಬಿಸೆರಾ ಕೂಡ ಹಾಗೆಯೇ ಹೇಳುತ್ತಾಳೆ. ಆಕೆಗೆ ಸಿಕ್ಕಿದ್ದು ಇನ್ನಷ್ಟು ತಿಂಗಳ ಇಂಟರ್ನ್‌ಶಿಪ್, ಅದರ ಜೊತೆ ಬೆಳಗಿನ ಫೋನು. ಹೊಸದರಲ್ಲಿ ದಿನಾ ಯಾರಾದರೊಬ್ಬರು ಬೈದು ಇಡುತ್ತಿದ್ದರು. ಒಬ್ಬ ದಂತವೈದ್ಯ "ಮಾತಾಡೋಕೆ ಬರೋರು ಯಾರಾದ್ರೂ ಇದ್ರೆ ಕೊಡಿ" ಎಂದ ದಿನ ಶೌಚಾಲಯಕ್ಕೆ ಹೋಗಿ ಅತ್ತು ಬಂದು ಮತ್ತೆ ಕೂತಳು. ಬಿಟ್ಟುಬಿಡೋಣ ಎನಿಸಿದ್ದೂ ಉಂಟು. ಬೇಸಿಗೆಯ ಹೊತ್ತಿಗೆ ರದೋಸ್ವೆತ್‌ಗೆ ಸೋಫಿಯಾದಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿತು. ಹೋಗುವ ದಿನ ತನ್ನ ಕುರ್ಚಿಯನ್ನು ಆಕೆಯ ಮೇಜಿನವರೆಗೆ ತಳ್ಳಿಕೊಂಡು ಬಂದು, "ತಗೋ, ಕೂತು ಬೆಚ್ಚಗೆ ಮಾಡಿ ಇಟ್ಟಿದೀನಿ," ಎಂದನಂತೆ. ಹಾಗೆ ಬಿಸೆರಾ ಖಾಯಂ ಆದಳು. ಹೊಗಳಿಕೆಯ ಪತ್ರ, ಚಪ್ಪಾಳೆ ಏನೂ ಇರಲಿಲ್ಲ. ಜಾಗ ಖಾಲಿಯಾಯಿತು, ಈಕೆ ಅಲ್ಲಿದ್ದಳು.

ಕಳೆದ ತಿಂಗಳು ಬಾಯ್ ಸ್ಟಾಮೆನ್ ಜೊತೆ ಆ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ಬಂದಳು, ಹೊಸ ಡಬ್ಬಿ ಕೂರಿಸಲು. ಜೆಚ್ಕಾ ಬಾಗಿಲಲ್ಲೇ ತಡೆದು ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. "ನೀನೇನಾ? ನಾನು ದೊಡ್ಡ ಹೆಂಗಸು ಅನ್ಕೊಂಡಿದ್ದೆ." ಆ ಅಜ್ಜಿ ಈಗಲೂ ಸೋಮವಾರ ಬರುತ್ತಾರೆ, ಕಿಟಕಿ ಪಕ್ಕದ ಕುರ್ಚಿ ಅವರದ್ದು. ಅವರಿಗೆ ಆ ಬೆಳಗಿನ ನೆನಪೇ ಇಲ್ಲ. ಬಾಯ್ ಲಿಲ್ಕೊಗೆ ಮಾತ್ರ ಚೆನ್ನಾಗಿ ನೆನಪಿದೆ. ಟಿವಿ ಕಿತ್ತವಳು ಇವಳೇನಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

ಬೆಳಗಿನ ಪಾಳಿ ಮುಗಿಯುತ್ತ ಬಂದಿದೆ. ಕೆಳಗಿನ ಔಷಧಿ ಅಂಗಡಿಯ ಬಾಗಿಲು ತೆರೆದ ಸದ್ದು. ಮುಂದೇನು ಎಂದು ಕೇಳುತ್ತೇನೆ. ಈ ಕೆಲಸಕ್ಕೆ ಬಂದ ಪ್ರತಿಯೊಬ್ಬರೂ ಹೇಳುವ ಉತ್ತರವನ್ನು ನಾನು ಆಗಲೇ ಬರೆದುಕೊಳ್ಳಲು ಹೊರಟಿದ್ದೇನೆ.

"ಒಳಗಡೆ ನೆಟ್‌ವರ್ಕ್ ವಿಭಾಗಕ್ಕೆ ಹೋಗು ಅಂತ ಎಲ್ರೂ ಹೇಳ್ತಾರೆ," ಎನ್ನುತ್ತಾಳೆ ಬಿಸೆರಾ. "ಅಲ್ಲಿ ಯಾರ ಜೊತೇನೂ ಮಾತಾಡೋ ಹಾಗಿಲ್ಲ, ನಿನಗೆ ಆರಾಮು ಅಂತಾರೆ. ಅಮ್ಮನೂ ಅದೇ ಅಂತಾಳೆ. ಒಳ್ಳೇದಕ್ಕೇ ಹೇಳೋದು." ಫೋನ್ ರಿಂಗಾಗುತ್ತದೆ. ಆಕೆ ಹೆಡ್‌ಫೋನ್ ಸರಿಪಡಿಸಿಕೊಳ್ಳುತ್ತ ಒಂದು ಕ್ಷಣ ನನ್ನ ಕಡೆ ತಿರುಗುತ್ತಾಳೆ. "ಇಷ್ಟು ವರ್ಷ ಸುಮ್ನೇ ಇದ್ದೆ. ಇನ್ನೂ ಸ್ವಲ್ಪ ವರ್ಷ ಮಾತಾಡ್ತೀನಿ."